ತಾನಾಗಿ ಮಲಗುವ ಪೆಟ್ಟಿಗೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಕಡಲ ಮೇಲಿರುವ ನನ್ನ ಮುದ್ದು ಮಗಳಿಗೆ ನೆಲದ ಮೇಲಿರುವ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯೇ? ಹೊಟ್ಟೆ ತೊಳಸುವುದು ಕಡಿಮೆಯಾಯಿತೇ? ಆ ಎಂಜಿನ್ ಕೋಣೆಯ ಸೆಖೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡ. ದೊಡ್ಡ ಸ್ಪ್ಯಾನರ್ ಹಿಡಿದು ನಿಂತ ನಿನ್ನ ಫೋಟೋವನ್ನು ಹೊಲಿಗೆ ಮಿಷನ್ನಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಅಳತೆ ಕೊಡಲು ಬಂದವರೆಲ್ಲ ಯಾರಿದು ಅಂತ ಕೇಳುತ್ತಾರೆ, ಕೇಳದವರಿಗೂ ನಾನೇ ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ. ಮಂಡಿ ಆಗಾಗ ಗೊಣಗುತ್ತದೆ, ನಾನೂ ಗೊಣಗುತ್ತೇನೆ, ಇಬ್ಬರಿಗೂ ಹೊಂದಾಣಿಕೆಯಾಗಿದೆ.

ಫೋನಿನಲ್ಲೇ ಹೇಳುವುದು ಬಿಟ್ಟು ಮುಂದಿನ ಬಂದರಿಗೆ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ನೀನು ಫೋನ್ ಮಾಡಿದಾಗಲೆಲ್ಲ ನಿಮ್ಮಪ್ಪ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಾರೆ. ಈಗ ಬರೆಯುತ್ತಿರುವುದು ಅವರ ಕಿವಿಗೆ ಬೀಳುವಂಥದ್ದಲ್ಲ.

ಅವರ ಬಲಗೈ ವಿಷಯ. ನೀನು ರಜೆ ಮುಗಿಸಿ ಹೊರಟಾಗ ಅದು ಹೇಗಿತ್ತು ನಿನಗೇ ಗೊತ್ತು. ಲಕ್ವ ಹೊಡೆದ ಮೇಲೆ ಕಾಲು ವಾಪಸ್ ಬಂತು, ಮಾತು ಬಂತು, ಕೋಪವಂತೂ ಹೋಗಿಯೇ ಇರಲಿಲ್ಲ. ಕೈ ಮಾತ್ರ ಬೇರೆ ಯಾರದೋ ಸಾಮಾನಿನ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು. ನಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಅಂಗಡಿ ಬೋರ್ಡುಗಳನ್ನೆಲ್ಲ ಬರೆದ ಕೈ ಅದು, ಸ್ಕೇಲಿಲ್ಲದೆ ಗೆರೆ ಎಳೆಯುತ್ತಿದ್ದ ಕೈ. ಮದುವೆಯ ಹೊಸದರಲ್ಲಿ ಹೆಂಡತಿಯನ್ನು ಸುತ್ತಾಡಿಸುವುದು ಅಂದರೆ ಇವರಿಗೆ ಔಷಧಿ ಅಂಗಡಿಯ ಬೋರ್ಡಿನ ಮೊದಲನೇ ಅಕ್ಷರದ ಬಳುಕು ತೋರಿಸುವುದು! ಅಂಥವರಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ರಬ್ಬರ್ ಚೆಂಡು ಕೊಟ್ಟು ಹಿಸುಕಿ ಅಂದರೆ, "ನಾನೇನು ತೊಟ್ಟಿಲ ಮಗುನಾ?" ಅಂತ ಎಡಗೈಯಲ್ಲಿ ಅದನ್ನು ಕಿಟಕಿಯಾಚೆ ಎಸೆದರು. ಪಾಪ, ಆ ಹುಡುಗಿ ಚಪ್ಪಲಿ ಮೆಟ್ಟುತ್ತಾ ನನಗೊಂದು ಮಾತು ಹೇಳಿ ಹೋದಳು: "ಕೈಯಲ್ಲಿ ಬಲ ಇದೆ ಆಂಟಿ, ಆಸೆ ಇಲ್ಲ. ಅದಕ್ಕೆ ಏನಾದ್ರೂ ಬೇಕು ಅನ್ನಿಸ್ಬೇಕು." ಆಸೆಯನ್ನು ಎಲ್ಲಿಂದ ತರಲಿ ಅಂತ ನಾನು ತಲೆ ಕೆಡಿಸಿಕೊಂಡು ಕೂತಿದ್ದೆ.

ಇನ್ನು ನೀನು ಬಿಟ್ಟುಹೋದ ಆ ಪುಟ್ಟ ಹಾಡಿನ ಪೆಟ್ಟಿಗೆ. ಅದು ಚೆನ್ನಾಗಿ ಹಾಡುತ್ತಾ ಹಾಡುತ್ತಾ ಫಕ್ಕನೆ ನಿಂತುಬಿಡುತ್ತಿತ್ತು. ಬ್ಯಾಟರಿ ಸತ್ತಿದೆ ಅಂತ ಚಾರ್ಜಿಗೆ ಹಾಕಿದೆವು. ವೈರ್ ಸರಿಯಿಲ್ಲ ಅಂತ ಹೊಸದು ತಂದೆವು. "ನಮ್ಮ ಹುಡುಗಿಗೆ ಯಾರೋ ಟೋಪಿ ಹಾಕಿದಾರೆ" ಅಂತ ನಿಮ್ಮಪ್ಪ ತೀರ್ಪನ್ನೂ ಕೊಟ್ಟರು. ಹಾಡು ನಿಂತರೆ ಅವರಿಗೇನೂ ನಷ್ಟವಿರಲಿಲ್ಲ, ಉಳಿದದ್ದನ್ನು ತಾವೇ ಗುನುಗಿ ಮುಗಿಸುತ್ತಿದ್ದರು. ಆದರೆ ಹಾಡುಗಳ ಕೊನೆಗೆ ನೀನು ಹಳೇ ರೇಡಿಯೋ ಪತ್ತೇದಾರಿ ನಾಟಕಗಳನ್ನು ತುಂಬಿಸಿದ್ದೆಯಲ್ಲ, ಅಲ್ಲಿಗೆ ಬಂದ ಮೇಲೆ ಕಥೆಯೇ ಬೇರೆಯಾಯಿತು. ಗುನುಗಿ ಮುಗಿಸಲು ಕೊಲೆಗಾರ ಯಾರೆಂದು ಗೊತ್ತಿರಬೇಕಲ್ಲ! "ಏ, ನಿಂತೋಯ್ತು!" ಅಂತ ಕೂಗುವುದು, ನಾನು ಮಿಷನ್ನಿನಿಂದ ಎದ್ದು ಬಂದು ದೀಪ ಹತ್ತುವ ತನಕ ಗುಂಡಿ ಒತ್ತಿ ಹಿಡಿಯುವುದು. ಅದೂ ಮೊಂಡು ಗುಂಡಿ, ಮುಟ್ಟಿದರೆ ಸಾಲದು, ಅದುಮಬೇಕು. ಅವರು ಎಡಗೈಯೊಂದರಲ್ಲೇ ಅದುಮಲು ಹೋಗಿ ಪೆಟ್ಟಿಗೆ ಪದೇ ಪದೇ ನೆಲಕ್ಕೆ ಬೀಳುತ್ತದೆ ಅಂತ ಪ್ಯಾಂಟಿನ ತುಂಡು ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಗುಂಡಿ ಇರುವ ಕಡೆ ಕಿಂಡಿ ಬಿಟ್ಟು, ಅವರ ಎಡ ಮಣಿಕಟ್ಟಿಗೆ ಕಟ್ಟಿದೆ. ಆಣೆಗೂ ಆಗ ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಒಂದು ದಿನ ನಾನು ಮಹಡಿಯ ಮೇಲೆ ಒದ್ದೆ ಹೊದಿಕೆ ಹಿಂಡುತ್ತಿದ್ದೆ. ಕೆಳಗಿನಿಂದ "ನಿಂತೋಯ್ತು!" ಕೇಳಿಸಿತು. ಇನ್ನೊಂದು ಸಲ, ಮತ್ತೊಂದು ಸಲ. ಆಮೇಲೆ ಸದ್ದಿಲ್ಲ. ಹೊದಿಕೆಯನ್ನು ಅಲ್ಲೇ ಬಿಸಾಕಿ ಓಡಿ ಬಂದೆ. ನೋಡಿದರೆ ನಾಟಕ ನಡೆಯುತ್ತಿದೆ! ಎಡಗೈಗೆ ಕಟ್ಟಿದ್ದನ್ನು ಎಡಗೈಯೇ ಹೇಗೆ ಒತ್ತೀತು, ನೀನೇ ಹೇಳು. ಬಲಗೈ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು, ಗಡಗಡ ನಡುಗುತ್ತಿತ್ತು. ಮೀಸೆಯೆಲ್ಲ ಬೆವರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ತಾನೇ, ನನ್ನ ಕಡೆ ತಿರುಗದೆಯೇ, "ಡ್ರೈವರ್ ಅಲ್ವಂತೆ ಕಣೇ, ಡಾಕ್ಟ್ರಂತೆ" ಅಂದರು. ನಾನು "ಹೌದಾ" ಅಂದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮನಸಾರೆ ಅತ್ತೆ. ಅಷ್ಟು ಸಂತೋಷ ನೀನು ಹುಟ್ಟಿದ ದಿನ ಬಿಟ್ಟರೆ ಅವತ್ತೇ.

ಮಾರನೇ ದಿನ ಪೆಟ್ಟಿಗೆಯನ್ನು ಗಡಿಯಾರ ರಿಪೇರಿಯವನ ಹತ್ತಿರ ಒಯ್ದೆ. ಅವನು ನೋಡಿ ನಕ್ಕುಬಿಟ್ಟ. "ಇದು ಕೆಟ್ಟಿಲ್ಲಮ್ಮಾ, ಮಲಗ್ತಾ ಇದೆ. ಅರ್ಧ ಗಂಟೆ ಯಾರೂ ಮುಟ್ಟದಿದ್ರೆ ಯಜಮಾನ್ರಿಗೆ ನಿದ್ದೆ ಬಂತು ಅಂದ್ಕೊಂಡು ತಾನೇ ಆಫ್ ಆಗತ್ತೆ. ಬ್ಯಾಟರಿ ಉಳೀಲಿ ಅಂತ." ಹಾಗೆ ಆಗದಂತೆ ಮಾಡಿಕೊಡುತ್ತೇನೆ ಅಂತ ಕೈ ಹಾಕಿದ. ನಾನು ಅವನ ಕೈಗೆ ನನ್ನ ಕೈ ಅಡ್ಡ ಹಿಡಿದೆ. ತೆಗೆಯಬೇಡಪ್ಪಾ, ಆ ಅರ್ಧ ಗಂಟೆಯನ್ನು ಕಡಿಮೆ ಮಾಡುವುದು ಹೇಗೆ ಅಂತ ಹೇಳಿಕೊಡು ಅಂದೆ. ಅವನು ನನ್ನನ್ನು ಒಂಥರಾ ನೋಡಿದ, ಆದರೂ ಹೇಳಿಕೊಟ್ಟ.

ಅಂದಿನಿಂದ ಶುರು ನೋಡು ನನ್ನ ಕಳ್ಳಾಟ. ಅವರು ಊಟ ಮಾಡಿ ಕಣ್ಣು ಮುಚ್ಚಿದಾಗ ಮೂವತ್ತು ನಿಮಿಷವನ್ನು ಇಪ್ಪತ್ತು ಮಾಡಿದೆ. ಹೆಬ್ಬೆರಳು ಪಳಗಿದ ಮೇಲೆ ಹತ್ತು. ಆಮೇಲೆ ಐದು. "ನನ್ನ ಹಾಗೇ ಇದಕ್ಕೂ ವಯಸ್ಸಾಯ್ತು, ಮಾತಿಗೊಂದು ಸಲ ತೂಕಡಿಸತ್ತೆ" ಅಂತ ಬೈಯುತ್ತಾರೆ, ಬೈಯುತ್ತಲೇ ಒತ್ತುತ್ತಾರೆ. ನಾನು ಕೇಳಿಸದವಳ ಹಾಗೆ ಮಿಷನ್ ತುಳಿಯುತ್ತೇನೆ. ಹೆಬ್ಬೆರಳಿನ ಹಿಂದೆ ತೋರುಬೆರಳು ಬಂತು, ಅದರ ಹಿಂದೆ ಚಮಚ ಬಂತು. ಹೋದ ವಾರ ತಮ್ಮ ಅಂಗಿಯ ಗುಂಡಿ ತಾವೇ ಹಾಕಿಕೊಂಡರು! ಜೀವನವಿಡೀ ಗುಂಡಿ ಹೊಲಿದವಳು ನಾನು, ಅಷ್ಟು ಚೆಂದ ಕೂತ ಗುಂಡಿಯನ್ನು ಎಲ್ಲೂ ನೋಡಿಲ್ಲ. ಗುಂಡಿಯ ತೂತು ಒಂದು ತಪ್ಪಿತ್ತು, ಇರಲಿ ಬಿಡು. ಒಂದು ಮಾತ್ರ ಅರ್ಥವಾಗುತ್ತಿಲ್ಲ. ಮೊನ್ನೆ ನೋಡಿದರೆ ಪೆಟ್ಟಿಗೆ ಮೂರು ಅಂತ ತೋರಿಸುತ್ತಿತ್ತು. ಐದಕ್ಕೆ ಇಟ್ಟ ಹಾಗೆ ನೆನಪು. ನನಗೂ ಮರೆವು ಶುರುವಾಯಿತೋ ಏನೋ.

ಬೆನ್ನು ಹಿಡಿಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಲಕೋಟೆಗೆ ಅಂಟು ಹಚ್ಚುವುದು ಈಗ ನಿಮ್ಮಪ್ಪನ ಕೆಲಸ, ಬೆರಳಿಗೆ ಒಳ್ಳೆಯದು. ಓದಿಬಿಟ್ಟಾರೆಂಬ ಭಯವಿಲ್ಲ, ಅವರ ಕನ್ನಡಕ ನನ್ನ ಸೂಜಿ ಡಬ್ಬಿಯಲ್ಲಿ ಭದ್ರವಾಗಿದೆ. ನಿನಗೆ ಹೊಟ್ಟೆ ತುಂಬ ಬಡಿಸುವ ಹಡಗಿನ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳು. ಹೋದ ಕಡೆಯೆಲ್ಲ ನಿನಗೆ ಒಳ್ಳೆಯದಾಗಲಿ.

ನಿನ್ನ
ಅಮ್ಮ

ತಾ.ಕ.: ಆಗಲೇ ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿಲ್ಲದೆ ಹಾಡುವ ಹೊಸ ಪೆಟ್ಟಿಗೆ ಬೇಕು ಅಂತ ಅವರು ಫೋನಿನಲ್ಲಿ ಕೇಳಿದರಲ್ಲ, ನೀನೂ ಹೂಂ ಅಂದೆಯಲ್ಲ. ದಮ್ಮಯ್ಯ, ಕಳಿಸಬೇಡ. ಅಂಗಡಿಯಲ್ಲಿ ಸಿಗಲಿಲ್ಲ ಅನ್ನು, ಏನಾದರೂ ಒಂದು ಸುಳ್ಳು ಹೇಳು. ಆ ಕೈ ಇನ್ನೂ ಬ್ರಶ್ ಹಿಡಿಯಬೇಕಿದೆ.

ಮಗಳೇ, ಇದು ಅಪ್ಪ. ಬಲಗೈ. ಅಕ್ಷರ ಸೊಟ್ಟ ಇದೆ, ನಗಬೇಡ. ಕನ್ನಡಕ ಯಾವ ಡಬ್ಬೀಲಿ ಇರತ್ತೆ ಅಂತ ನನಗೆ ಗೊತ್ತು. ಹೊಸದು ಕಳಿಸಬೇಡ. ಕೇಳಿದ್ದು ನಿಮ್ಮಮ್ಮನಿಗೆ ಅನುಮಾನ ಬರಬಾರದು ಅಂತ. ನಾನು ಬರೆದದ್ದು ಅವಳಿಗೆ ಹೇಳಬೇಡ. ತಾನೇ ಗೆದ್ದೆ ಅಂದ್ಕೊಂಡಿದಾಳೆ. ಗೆದ್ದೂ ಇದಾಳೆ. ಅವಳಿಗೆ ಮರೆವೇನೂ ಇಲ್ಲ. ಮೂರಕ್ಕೆ ಇಳಿಸಿದ್ದು ನಾನು.