ರಾಹೇಲಕ್ಕನ ಬಾಗಿಲು ತಟ್ಟಿದವನು

ಕಡಲು ಉಕ್ಕಿ ನೆಲಕ್ಕೇರಿದ ನೂರ ಹನ್ನೊಂದನೆಯ ವರ್ಷ, ಎರಡನೆಯ ಬೇಸಿಗೆಯ ನಲವತ್ತಮೂರನೆಯ ದಿನ.

ಇನ್ನೂ ಹುಟ್ಟದ ನನ್ನ ಮರಿಮಕ್ಕಳಿಗೆ,

ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಮನ್ನಿಸಿ. ಒಡ್ಡಿನ ಮೇಲೆ ಗಾಳಿಗೆ ಎದುರಾಗಿ ಕೂಗಿ ಕೂಗಿ ನಮ್ಮ ಮಾತು ಹೀಗಾಗಿದೆ. ಒಡ್ಡು ಎಂದರೆ ಕಡಲನ್ನು ತಡೆಯುವ ಗೋಡೆ. ಅದಕ್ಕೆ ಅಲೆಗಲ್ಲು ಎರೆಯುವುದು ನಮ್ಮ ನೂರಿಪ್ಪತ್ತು ಯಹೂದಿ ಮನೆಗಳ ಕೆಲಸ. ಚಿಪ್ಪಿನ ಸುಣ್ಣ, ಮರಳು, ಸಿಹಿನೀರು ಕಲೆಸಿ ಅಚ್ಚಿಗೆ ಹಾಕುತ್ತೇವೆ. ತಂಡಕ್ಕೆ ದಿನಕ್ಕೆ ಎಂಬತ್ತು ಕಲ್ಲು, ವಾರದ ಏಳೂ ದಿನ. ನಾನು, ಎಲ್ಕಾನ, ನಾಲ್ಕನೆಯ ತಂಡದ ಮೇಸ್ತ್ರಿಯಾಗಿದ್ದೆ.

ಅಚ್ಚು ತೊಳೆಯುವ ರಾಹೇಲಕ್ಕ ಒಂದು ದಿನ ಕೆಲಸ ಮಾಡಿಸುವ ಒಡ್ಡಿನ ಮಂಡಳಿಗೆ ಹೋಗಿ, ಕೆಲಸ ಮುಟ್ಟಬಾರದ ನಮ್ಮ ಸಬ್ಬತ್ತಿನ ದಿನವಾದ ಶನಿವಾರ ಬಿಡುವು ಕೊಡಿ ಎಂದು ಕೇಳಿದಳು. ಹೋಗುವ ಮುಂಚೆ ನಾವೆಲ್ಲ ಅವಳ ಬೆನ್ನು ತಟ್ಟಿದ್ದೆವು. ಮರುದಿನವೇ ಮಂಡಳಿ ಸುಣ್ಣ ಕೊಡುವುದನ್ನು ನಿಲ್ಲಿಸಿತು. ಚಿಪ್ಪು ನೀವೇ ಆರಿಸಿ, ನೀವೇ ಸುಡಿ, ಕಲ್ಲು ಮಾತ್ರ ಎಂಬತ್ತೇ ಇರಬೇಕು ಎಂದಿತು. ಹೆಂಗಸರು ಸೊಂಟದವರೆಗೆ ಕೆಸರಿನಲ್ಲಿ ನಿಂತು ಚಿಪ್ಪು ಹೆಕ್ಕಿದರು. ನನ್ನ ಹೆಂಡತಿ ಸಾರಳ ಕೈ ಸುಣ್ಣಕ್ಕೆ ಬೆಂದು ತುತ್ತು ಹಿಡಿಯಲಾಗದಂತಾಯಿತು. ಕಲ್ಲು ಕಡಿಮೆ ಬಿದ್ದಾಗ ಯಾರು ಹಿಂದೆ ಬಿದ್ದರೆಂದು ಮಂಡಳಿಯವರು ಕೇಳುತ್ತಿದ್ದರು. ನಾನು ಹೆಸರು ಹೇಳುತ್ತಿದ್ದೆ. ಆ ಹೆಸರಿನವರಿಗೆ ಏಟು ಬೀಳುತ್ತಿತ್ತು.

ಒಂಬತ್ತನೆಯ ದಿನ ಸಾರಳನ್ನೂ ತಂಡದವರನ್ನೆಲ್ಲ ಕಟ್ಟಿಕೊಂಡು ಹೋಗಿ ರಾಹೇಲಕ್ಕನ ಬಾಗಿಲು ತಟ್ಟಿದೆ.

"ನೀನು ಬಾಯಿ ಮುಚ್ಕೊಂಡಿದ್ರೆ ನಮಗೆ ಈ ಗತಿ ಬರ್ತಿತ್ತಾ? ನಮ್ಮನ್ನ ಹೊಡೆಯೋಕೆ ಅವರ ಕೈಗೆ ಕೋಲು ಕೊಟ್ಟೋಳು ನೀನೇ. ದೇವರೇ ನೋಡ್ಕೊಳ್ಳಲಿ ನಿನ್ನ!"

ಅವಳು ಸಾರಳ ಕೈಗಳನ್ನೇ ನೋಡುತ್ತಿದ್ದಳು. "ನಾಳೆ ಮತ್ತೆ ಹೋಗ್ತೀನಿ, ಎಲ್ಕಾನ. ಈ ಸಲ ನೀವೂ ಬನ್ನಿ," ಎಂದಳು.

ನಾವು ಹೋಗಲಿಲ್ಲ. ಒಬ್ಬಳೇ ಹೋದಳು. ಅವಳನ್ನು ದೋಣಿಯಲ್ಲಿ ಕಡಲೊಳಗಿನ ದೂರದ ಹೊರಗೋಡೆಯ ಕೆಲಸಕ್ಕೆ ಸಾಗಿಸಿದರು. ಅಲ್ಲಿಯ ಮೂರು ಸಾವಿರ ಜನ ಅವಳ ಮಾತು ಕೇಳಿ ಅಚ್ಚು ಕೆಳಗಿಟ್ಟು ಕುಳಿತರು. ಹದಿನಾಲ್ಕು ತಿಂಗಳಾದ ಮೇಲೆ ಎಲ್ಲರಿಗೂ ಶನಿವಾರದ ಬಿಡುವು ಬಂತು. ರಾಹೇಲಕ್ಕ ಬರಲಿಲ್ಲ. ಅಲ್ಲೇ ಜ್ವರದಲ್ಲಿ ತೀರಿಹೋದಳಂತೆ.

ಬಿಡುವಿನ ಮೊದಲ ದಿನ ಪ್ರಾರ್ಥನಾಲಯದಲ್ಲಿ ನಮ್ಮ ಹಿರಿಯರಾದ ಹಿಲ್ಲೇಲರು ಮೋಶೆಯ ಕತೆ ತೆಗೆದರು. ನಮ್ಮ ಪೂರ್ವಜರಾದ ಇಸ್ರಾಯೇಲರನ್ನು ಗುಲಾಮರಾಗಿಟ್ಟಿದ್ದ ದೊರೆ ಫರೋಹ, ಇಟ್ಟಿಗೆಗೆ ಕಲೆಸುವ ಹುಲ್ಲು ಕೊಡುವುದನ್ನು ನಿಲ್ಲಿಸಿ ಇಟ್ಟಿಗೆ ಮಾತ್ರ ಮೊದಲಿನಷ್ಟೇ ಬೇಕೆಂದಾಗ, ಇಸ್ರಾಯೇಲರ ಮೇಸ್ತ್ರಿಗಳು ತಮ್ಮ ಬಿಡುಗಡೆ ಕೇಳಿದ ಮೋಶೆಯನ್ನೇ ಬೈದರು. ನಾನು ತಲೆ ತಗ್ಗಿಸಿದೆ. ಆದರೆ ನಮ್ಮ ಧರ್ಮಗ್ರಂಥದ ವ್ಯಾಖ್ಯಾನಕಾರರು ಆ ಮೇಸ್ತ್ರಿಗಳನ್ನು ಗೌರವಿಸಿದ್ದಾರೆ ಎಂದರು ಹಿಲ್ಲೇಲರು. ಆ ಮೇಸ್ತ್ರಿಗಳು ತಮ್ಮ ಜನರನ್ನು ಫರೋಹನವರಿಗೆ ಒಪ್ಪಿಸದೆ ಏಟನ್ನು ತಾವೇ ತಿಂದವರು, ಆ ನೋವಿನಲ್ಲಿ ಕೂಗಿದವರು. ಮುಂದೆ ಮೋಶೆಗೆ ನೆರವಾಗಲು ಎಪ್ಪತ್ತು ಹಿರಿಯರಾಗಿ ಆರಿಸಲ್ಪಟ್ಟವರೂ ಅವರೇ. ಸುತ್ತಲಿನವರು ಸಮಾಧಾನದಿಂದ ನನ್ನತ್ತ ತಿರುಗಿದರು. ಸಾರ ಮಾತ್ರ ತಿರುಗಲಿಲ್ಲ. ನನ್ನ ಬೆನ್ನಿನ ಮೇಲೆ ಒಂದು ಬಾಸುಂಡೆಯೂ ಇಲ್ಲವೆಂದು ಅವಳಿಗೆ ಗೊತ್ತು.

ಈಗ ಒಡ್ಡಿನ ಮೇಲೆ ರಾಹೇಲಕ್ಕನ ಹೆಸರು ಕೊರೆದು, ಅದರ ಕೆಳಗೆ ಆಗಿನ ನಮ್ಮ ಮೇಸ್ತ್ರಿಗಳ ಹೆಸರನ್ನೂ ಸೇರಿಸಿದ್ದಾರೆ. ಮಕ್ಕಳೇ, ನನ್ನದನ್ನು ಉಜ್ಜಿ ಅಳಿಸಿಬಿಡಿ. ಅವತ್ತು ಅವಳ ಮನೆಗೆ ಹೊರಟಾಗ ಮಂಡಳಿಯ ಕಚೇರಿಯ ಮುಂದೆಯೇ ಹಾದುಹೋದೆ. ಸುಣ್ಣ ನಿಲ್ಲಿಸಿದವರ ಬಾಗಿಲು ತೆರೆದೇ ಇತ್ತು. ಒಳಗಿದ್ದ ಗುಮಾಸ್ತ ತಲೆಯೆತ್ತಿ ನೋಡಿದ. ನಾನು ಅವನಿಗೆ ಕೈ ಮುಗಿದು ಮುಂದೆ ನಡೆದೆ.

ಎಲ್ಕಾನ