ಎಡಕ್ಕೆ ಬೀಳುತ್ತಿದ್ದ ಗುಂಡು

ಅಪ್ಪಾ,

ನೀನು ಹೋದ ಮೇಲೆ ಬರ್ನ್ ನಗರದಿಂದ ಬಂದು ನಿನ್ನ ಮನೆ ಖಾಲಿ ಮಾಡಿ ಮಾಡಿ ತೋಳು ಸೋತುಹೋಗಿದೆ. ನಿನ್ನ ಬಂದೂಕನ್ನು ಮಾರುವ ಮೊದಲು ಒಮ್ಮೆ ಹಾರಿಸೋಣವೆಂದು ಅದನ್ನು ಹಿಡಿದು ಇವತ್ತು ಊರಿನ ಗುರಿಸ್ಪರ್ಧೆಗೆ ಹೋಗಿದ್ದೆ.

ನಿನ್ನ ಗೆಳೆಯ ಕೋಬಿ ಅಲ್ಲೇ ಇದ್ದ. “ರೇಗುಲಾ, ಮೊದ್ಲು ನಳಿಗೆ ತುದೀಲಿರೋ ಗುರಿಮುಳ್ಳು ಸರಿಸ್ಕೋ. ನಿಮ್ಮಪ್ಪ ವರ್ಷಾನುಗಟ್ಲೆ ಎಡಕ್ಕೇ ಹೊಡ್ದ. ಸರಿಮಾಡ್ತೀನಿ ಅಂದ್ರೆ ಮುಟ್ಟೋಕೇ ಬಿಡ್ತಿರ್ಲಿಲ್ಲ, ಹಟಮಾರಿ ಮುದುಕ!” ಎಂದು ನಕ್ಕ.

ಸರಿಸುವಷ್ಟು ತ್ರಾಣ ನನಗಿರಲಿಲ್ಲ. ಮುಳ್ಳನ್ನು ಇದ್ದ ಹಾಗೇ ಬಿಟ್ಟು, ಬೋರಲು ಮಲಗಿ ಹಾರಿಸಿದೆ. ಗುಂಡು ಮುನ್ನೂರು ಮೀಟರ್ ಆಚೆಯ ಗುರಿಹಲಗೆಯ ನಟ್ಟನಡುವೆ ಬಿತ್ತು. ಎರಡನೆಯದೂ ಅಲ್ಲೇ.

ಕೋಬಿಯ ನಗು ನಿಂತಿತು. “ಅಯ್ಯೋ, ಈ ಮುಳ್ಳು ನಿನ್ ಕಣ್ಣಿಗೆ ಕೂರ್ಸಿದ್ದು ಕಣೇ. ನೀನು ಹುಡುಗಿಯಾಗಿದ್ದಾಗ ನಾನೇ ಕೂರ್ಸಿಕೊಟ್ಟಿದ್ದೆ, ಮರ್ತೇಬಿಟ್ಟಿದ್ದೆ. ನಿಮ್ಮಪ್ಪ ಅದನ್ನ ಹಾಗೇ ಇಟ್ಕೊಂಡಿದ್ದ.”

ಮೂರನೆಯ ಗುಂಡು ಹಲಗೆಯನ್ನೇ ಮುಟ್ಟಲಿಲ್ಲ, ಅಪ್ಪಾ.

ರೇಗುಲಾ