ಗೀಟಿನ ಹುಳಗಳು

ಆಗಸ್ಟ್ ೧೨, ಮಂಗಳವಾರ

ಮಾವನ ನಗು ಇನ್ನೂ ಕಿವಿಯಲ್ಲೇ ಇದೆ. ನಮ್ಮ ರೇಷ್ಮೆ ಹುಳಗಳಲ್ಲಿ ಆಗೊಂದು ಈಗೊಂದು, ತಲೆಯ ಹಿಂದೆ ಹುಬ್ಬಿನಂತಹ ಕಪ್ಪು ಗೀಟು ಹೊತ್ತು ಬರುತ್ತದೆ. ಅಂಥವನ್ನು ಹೆಕ್ಕಿ ಕೋಳಿಗೆ ಹಾಕುವುದು ಮಾವನ ಪದ್ಧತಿ. ಈ ಬೆಳೆಯಲ್ಲಿ ಅವರು ಹೆಕ್ಕಿದ ನಲವತ್ತನ್ನು ನಾನು ಬೇರೆ ತಟ್ಟೆಯಲ್ಲಿ ಸಾಕಿದೆ. ಅದೇ ಸೊಪ್ಪು, ಅದೇ ಮನೆ.

ಇವತ್ತು ಗೂಡು ಬಿಡಿಸಿ, ಗೀಟಿಲ್ಲದ ನಲವತ್ತರ ಎದುರಿಗಿಟ್ಟು ಮಾವನ ಮುಂದೆಯೇ ತೂಗಿದೆ. ತಕ್ಕಡಿಯ ಮುಳ್ಳು ನಡುವೆಯೇ ನಿಂತಿತು.

“ಗೀಟು ಬಂದೈತೆ ಅಂದ್ರೆ ಏನಾರ ಇರ್ಲೇಬೇಕು ಕಣವ್ವ. ಒಳ್ಳೇದಲ್ಲ ಅಂದ್ಮೇಲೆ ಕೆಟ್ಟದ್ದೇಯ.”

“ಎರಡೂ ಅಲ್ಲ ಮಾವ. ಸುಮ್ನೆ ಬಂದೈತೆ, ಸುಮ್ನೆ ಐತೆ.”

“ಸುಮ್ನೆ ಅನ್ನೋದು ಯಾವ್ದೂ ಇಲ್ಲ ಟೀಚರಮ್ಮ” ಎಂದು ನಕ್ಕುಬಿಟ್ಟರು.

ಇದೆ ಮಾವ, ಇದೆ. ಜೀನಿನಲ್ಲಿ ಎಲ್ಲೋ ಒಂದು ಅಕ್ಷರ ಬದಲಾಯಿತು, ಹುಳಕ್ಕೆ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ತಟಸ್ಥ ಮ್ಯುಟೇಶನ್ ಎಂದರೆ ಇಷ್ಟೇ. ನಾಳೆ ತರಗತಿಗೆ ಈ ಗೂಡುಗಳನ್ನೇ ಒಯ್ಯುತ್ತೇನೆ.

ನಾನು ಸಾಕಿದ ನಲವತ್ತರಲ್ಲಿ ಗೀಟಿನಿಂದ ಸತ್ತದ್ದು ಒಂದೂ ಇಲ್ಲ. ಇಷ್ಟು ವರ್ಷ ಸತ್ತವೆಲ್ಲ ಮಾವನ ಕೈಯಿಂದ.

ಮುಂದಿನ ಬೆಳೆಗೆ ತಟ್ಟೆಯ ಮುಂದೆ ನಾನೇ ಕೂರುತ್ತೇನೆ. ಬೈದರೆ ಬೈಯಲಿ. ಕೋಳಿಗಳು ರಾಗಿ ತಿನ್ನಲಿ.